ಆ ನಾಯಿಯನ್ನು ಹುಡುಕುತ್ತಿರುವವರು ಇದ್ದಾರೆ

2024ರ ಜೂನ್ ಕೊನೆಯಲ್ಲಿ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯಿಂದ ಒಬ್ಬ ವಾರಕರಿ ಪಂಢರಪುರಕ್ಕೆ ಪಾದಯಾತ್ರೆ ಹೊರಟರು. ಅವರ ಬೆನ್ನು ಹತ್ತಿ ಅವರ ನಾಯಿಯೂ ಹೊರಟಿತು. ಅದರ ಹೆಸರು ಮಹಾರಾಜ. ವಿಠ್ಠಲನ ದರ್ಶನ ಮುಗಿಸಿ ಹೊರಗೆ ಬಂದು ನೋಡಿದರೆ ಆ ಜನಜಂಗುಳಿಯಲ್ಲಿ ನಾಯಿ ಇಲ್ಲ. ಹುಡುಕಿದರು, ಸಿಕ್ಕವರನ್ನೆಲ್ಲ ಕೇಳಿದರು, ಸಿಗಲಿಲ್ಲ. ಮನಸ್ಸು ಕಲ್ಲು ಮಾಡಿಕೊಂಡು ಊರಿಗೆ ಮರಳಿದರು. ಅವರು ಬಂದ ಬೆನ್ನಿಗೇ ಮಹಾರಾಜನೂ ಬಾಲ ಆಡಿಸುತ್ತ ಮನೆ ಮುಂದೆ ಬಂದು ನಿಂತಿತ್ತು. ನಡುವೆ ಸುಮಾರು 250 ಕಿಲೋಮೀಟರ್ ದಾರಿ. ಯಮಗರ್ಣಿಯ ಜನ ಅದರ ಕೊರಳಿಗೆ ಹೂಮಾಲೆ ಹಾಕಿದರು, ಊರಿಗೆಲ್ಲ ಊಟ ಹಾಕಿಸಿದರು.

ಸುದ್ದಿ ಓದಿದ ನಾವೆಲ್ಲ ನಾಯಿಯ ನಿಯತ್ತನ್ನು ಕೊಂಡಾಡಿದೆವು. ಕೊಂಡಾಡಬೇಕಾದದ್ದೇ. ಆದರೆ ಆ ದಾರಿಯಲ್ಲಿ ಎಷ್ಟು ಊರು, ಎಷ್ಟು ಧಾಬಾ, ಎಷ್ಟು ತೋಟದ ಮನೆಗಳನ್ನು ಅದು ದಾಟಿರಬೇಕು ಎಂದು ಯೋಚಿಸಿ ನೋಡಿ. ಅಲ್ಲೆಲ್ಲೋ ಯಾರೋ ಒಬ್ಬರು ‘ನಾಯಿ ಚಲೋ ಐತಿ, ನಮ್ಮ ಹೊಲಕ್ಕ ಆಗ್ತೈತಿ’ ಎಂದು ಅದರ ಕೊರಳಿಗೆ ಹಗ್ಗ ಹಾಕಿದ್ದರೆ? ಮಹಾರಾಜನ ನಿಯತ್ತೆಲ್ಲ ಒಂದು ಗೂಟದ ಸುತ್ತ ತಿರುಗಿ ತಿರುಗಿ ಸವೆದುಹೋಗುತ್ತಿತ್ತು. ಯಮಗರ್ಣಿಯ ಆ ಮನೆಯಲ್ಲಿ ಇಂದಿಗೂ ‘ಎಲ್ಲಿ ಹೋತೋ, ಯಾವ ಲಾರಿಗೆ ಸಿಕ್ಕಿತೋ’ ಎನ್ನುತ್ತಿದ್ದರು. ಹಾಗೆ ಹಗ್ಗ ಹಾಕುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಎರಡು ಹೊತ್ತು ರೊಟ್ಟಿ ಹಾಕಿ, ಮಳೆಗೆ ತಗಡು ಮರೆ ಮಾಡಿ ಸಾಕುವವರೇ ಆಗಿರಬಹುದು. ನಾನು ಮಾತಾಡಬೇಕೆಂದಿರುವುದು ಅಂಥವರ ಜೊತೆಗೇ. ಚೊಳಚಗುಡ್ಡದಲ್ಲಿ, ಬನಶಂಕರಿಯಲ್ಲಿ, ಬಾದಾಮಿಯಲ್ಲಿ, ಹುನಗುಂದ ಇಳಕಲ್ಲಿನ ಹಾದಿಯ ಹಳ್ಳಿಗಳಲ್ಲಿ ನಾವು ಬಹುಪಾಲು ಅಂಥವರೇ ಇದ್ದೇವೆ.

ನಮ್ಮ ಊರಿಗೆ ವರ್ಷಕ್ಕೊಮ್ಮೆ ಬನಶಂಕರಿಯ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಪಲ್ಲೇದ ಹಬ್ಬದ ಮರುದಿನ, ಬನದ ಹುಣ್ಣಿಮೆಯಂದು ತೇರು ಎಳೆಯುತ್ತಾರೆ. ಆಮೇಲೂ ನಾಟಕ ಕಂಪನಿಗಳು ವಾರಗಟ್ಟಲೆ ಡೇರೆ ಹಾಕಿಕೊಂಡೇ ಇರುತ್ತವೆ, ಬಾಗಿಲು ಚೌಕಟ್ಟು ಮಾರುವವರು ಸಾಲುಗಟ್ಟಿ ಕೂತೇ ಇರುತ್ತಾರೆ. ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ, ಚಕ್ಕಡಿಯಲ್ಲಿ ಬಂದವರ ಹಿಂದೆ ಅವರ ನಾಯಿಗಳೂ ಬರುತ್ತವೆ. ಹೋಗುವಾಗ ಎಲ್ಲವೂ ಹೋಗುವುದಿಲ್ಲ.

ಊರ ನಾಯಿ ಯಾವುದು, ತಪ್ಪಿಸಿಕೊಂಡ ನಾಯಿ ಯಾವುದು ಎಂಬುದು ನೋಡಿದರೇ ಗೊತ್ತಾಗುತ್ತದೆ. ಊರ ನಾಯಿಗೆ ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ, ಯಾವ ಚಹಾದಂಗಡಿಯಲ್ಲಿ ಬಿಸ್ಕತ್ತು ಬೀಳುತ್ತದೆ, ಯಾವ ಓಣಿಗೆ ಕಾಲಿಡಬಾರದು ಎಲ್ಲವೂ ಗೊತ್ತು. ತಪ್ಪಿಸಿಕೊಂಡದ್ದಕ್ಕೆ ಯಾವುದೂ ಗೊತ್ತಿಲ್ಲ. ಅದು ಮಲಗುವುದಿಲ್ಲ, ಮಲಗಿದರೂ ತಲೆ ನೆಲಕ್ಕೆ ಊರುವುದಿಲ್ಲ. ಎದುರು ಬಂದವರ ಕಾಲು ಮೂಸುತ್ತದೆ, ಮುಖ ನೋಡುತ್ತದೆ, ಹಿಂದೆ ಸರಿಯುತ್ತದೆ. ಹತ್ತು ಟಂಟಂ ಹೋದರೂ ಕಿವಿ ಎತ್ತದೆ ಇದ್ದದ್ದು ಯಾವುದೋ ಒಂದು ಬಗೆಯ ಬೈಕಿನ ಸದ್ದಿಗೆ ತಟ್ಟನೆ ಎದ್ದು ಓಡುತ್ತದೆ. ಸ್ವಲ್ಪ ದೂರ ಓಡಿ, ಆ ಬೈಕಿನವರು ತನ್ನವರಲ್ಲ ಎಂದು ತಿಳಿದು ರಸ್ತೆಯ ನಡುವೆಯೇ ನಿಂತುಬಿಡುತ್ತದೆ. ಗುಡಿಯ ಎದುರು ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕಾಳಪಲ್ಯ, ಗಡಿಗೆ ಮೊಸರು ಮಾರುವ ತಾಯಂದಿರು ಇದನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ. ಒಂದು ಚೂರು ರೊಟ್ಟಿ ಒಗೆದರೆ ಅದು ಬಾಯಲ್ಲಿ ಕಚ್ಚಿಕೊಂಡು ದೂರ ಹೋಗಿ ಕೆಳಗಿಟ್ಟು, ತಿನ್ನದೆ ಮತ್ತೆ ದಾರಿ ನೋಡುತ್ತದೆ. ಹತ್ತಿರದಿಂದ ನೋಡಿದರೆ ಕೊರಳ ಸುತ್ತ ಬೆಲ್ಟು ತಿಕ್ಕಿ ಕೂದಲು ಸವೆದ ಗೆರೆ ಕಾಣುತ್ತದೆ. ಕೆಲವೊಮ್ಮೆ ಹಲ್ಲಿನಿಂದ ಕಡಿದ ಹಗ್ಗದ ತುದಿ ಇನ್ನೂ ಜೋತಾಡುತ್ತಿರುತ್ತದೆ.

ಇಂಥ ನಾಯಿ ಕಂಡಾಗ ನಾವು ಏನು ಮಾಡುತ್ತೇವೆ? ಕೆಲವರು ಕಲ್ಲು ಎತ್ತುತ್ತಾರೆ. ಬಹಳ ಮಂದಿ ‘ನಮಗ್ಯಾಕ ಬೇಕು ಬಿಡ್ರಿ’ ಎಂದು ದಾಟಿಹೋಗುತ್ತಾರೆ. ಜಾತಿ ನಾಯಿಯಂತೆ ಕಂಡರೆ ಮಾತ್ರ ಕೈ ಮುಂದಾಗುತ್ತದೆ, ಅದೂ ಮಾಲಕರನ್ನು ಹುಡುಕಲಿಕ್ಕಲ್ಲ, ಕಟ್ಟಿಕೊಳ್ಳಲಿಕ್ಕೆ.

ನಮ್ಮ ಜಿಲ್ಲೆಯಲ್ಲಿ ಈ ಆಸೆಗೆ ಕಾರಣವಿದೆ. ಮುಧೋಳ ನಾಯಿ ನಮ್ಮ ಮಣ್ಣಿನದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಅದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ. ಹೆಸರು ಬಂದಂತೆ ಬೆಲೆಯೂ ಬಂತು. ಈಗ ಉದ್ದ ಮೂತಿಯ, ಸಣ್ಣ ನಡುವಿನ ನಾಯಿಯೊಂದು ಒಂಟಿಯಾಗಿ ಕಂಡರೆ ನೋಡಿದವರ ಕಣ್ಣಿಗೆ ಮೊದಲು ದುಡ್ಡು ಕಾಣುತ್ತದೆ. ಸಂಜೆ ಸಿಕ್ಕ ನಾಯಿ ಬೆಳಗಾಗುವುದರೊಳಗೆ ಬೇರೆ ತಾಲ್ಲೂಕು ಸೇರುವುದಕ್ಕೆ ಒಂದು ಫೋನ್ ಸಾಕು.

ದುಡ್ಡಿನ ಆಸೆ ಇಲ್ಲದವರಿಂದಲೂ ತಪ್ಪಾಗಬಹುದು. ಬಾದಾಮಿಯ ಗುಹೆ ನೋಡಲು, ಪಟ್ಟದಕಲ್ಲು ನೋಡಲು ದೂರದ ನಗರಗಳಿಂದ ಬರುವ ಅಕ್ಕ ಅಣ್ಣಂದಿರಿಗೆ ಈ ಮಾತು. ಮುಧೋಳ ನಾಯಿಗೆ ಮೈಮೇಲೆ ಮಾಂಸ ಕಡಿಮೆ. ಓಡಲಿಕ್ಕೆಂದೇ ಹುಟ್ಟಿದ ದೇಹ ಅದು. ಹೊಟ್ಟೆ ಬೆನ್ನಿಗೆ ಹತ್ತಿದಂತೆ ಕಾಣುತ್ತದೆ, ಚೆನ್ನಾಗಿ ತಿಂದುಂಡಿದ್ದಾಗಲೂ ಪಕ್ಕೆಲುಬು ಎಣಿಸಬಹುದು. ಕೊರಳಲ್ಲಿ ಬೆಲ್ಟಿಲ್ಲ, ಎಲುಬು ಕಾಣುತ್ತದೆ, ಜೊತೆಗೆ ಯಾರೂ ಇಲ್ಲ ಎಂದ ಮಾತ್ರಕ್ಕೆ ಅದು ದಿಕ್ಕಿಲ್ಲದ ನಾಯಿಯಲ್ಲ. ಅದರ ಮಾಲಕರು ಮುಂದಿನ ದಿಬ್ಬದ ಆಚೆ ಕುರಿ ಮೇಯಿಸುತ್ತಿರಬಹುದು. ಕರುಣೆಯಿಂದ ಕಾರಿನಲ್ಲಿ ಕೂರಿಸಿಕೊಂಡು ಹೋದರೂ ಇಲ್ಲಿ ಒಂದು ಹಟ್ಟಿ ನಾಯಿಯಿಲ್ಲದೆ ರಾತ್ರಿ ಕಳೆಯಬೇಕಾಗುತ್ತದೆ.

ಕುರಿಗಾರರ ನಾಯಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ತಪ್ಪಿಹೋದರೆ ಬದುಕಿಗೇ ಪೆಟ್ಟು ಬೀಳುವುದು ಅವರದು. ಅವರು ಹಿಂಡು ಹೊಡೆದುಕೊಂಡು ಊರಿಂದೂರಿಗೆ ಹೋಗುವವರು. ರಾತ್ರಿ ಯಾರದೋ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರೆ, ಹೊಲದವರಿಗೆ ಗೊಬ್ಬರ ಸಿಗುತ್ತದೆ, ಇವರಿಗೆ ಕಾಳೋ ಕಾಸೋ ಸಿಗುತ್ತದೆ. ಕತ್ತಲಲ್ಲಿ ತೋಳ ಬಂದರೆ, ಕಳ್ಳ ಬಂದರೆ ಮೊದಲು ಎದ್ದು ನಿಲ್ಲುವುದು ನಾಯಿ. ಮರಿಯಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆದ ಅಂಥ ನಾಯಿಯನ್ನು ಸಂತೆಯಲ್ಲಿ ಕೊಂಡುತರಲು ಬರುವುದಿಲ್ಲ. ಅದು ಒಂದು ಬೆದೆಯ ಹೆಣ್ಣು ನಾಯಿಯ ಹಿಂದೆಯೋ ಪಟಾಕಿಯ ಸದ್ದಿಗೆ ಹೆದರಿಯೋ ದೂರ ಹೋದರೆ ಕುರಿಗಾರರು ಕಾಯುತ್ತ ಕೂರಲಾರರು. ಮೇವು ಮುಗಿದರೆ ಹಿಂಡು ಮುಂದೆ ಹೋಗಲೇಬೇಕು. ಆ ನಾಯಿ ಮರಳಿ ಬಂದು ಖಾಲಿ ಹೊಲದಲ್ಲಿ ಹಿಕ್ಕೆಯ ವಾಸನೆ ಹಿಡಿದು ಸುತ್ತುತ್ತದೆ. ಆಗ ನಮ್ಮ ಕೈಗೆ ಸಿಗುತ್ತದೆ.

ಆ ಕುರಿಗಾರರು ನಮ್ಮ ಊರಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುವುದಿಲ್ಲ. ಆದರೆ ಅವರನ್ನು ಹುಡುಕುವುದು ಕಷ್ಟವೇ ಅಲ್ಲ. ಯಾರ ಹೊಲದಲ್ಲಿ ಕುರಿ ನಿಂತಿದ್ದವು ಎಂದು ಕೇಳಿ. ಆ ಹೊಲದವರ ಹತ್ತಿರ ಅವರ ಫೋನ್ ನಂಬರ್ ಇರುತ್ತದೆ, ಮುಂದಿನ ವರ್ಷಕ್ಕೂ ಕರೆಯಬೇಕಲ್ಲ. ಒಂದು ಫೋನ್ ಮಾಡಿದರೆ ರಾತ್ರಿಯೊಳಗೆ ಯಾರಾದರೂ ಒಬ್ಬರು ಬಂದು ನಿಲ್ಲುತ್ತಾರೆ. ಹಾಗೆ ಬಂದವರು ದೂರದಿಂದ ಒಂದು ಕೂಗು ಹಾಕಿದರೆ ನಾಯಿ ಕಟ್ಟಿದ ಹಗ್ಗವನ್ನೇ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಆಮೇಲೆ ಅದು ಯಾರದು ಎಂಬ ವಾದ ಉಳಿಯುವುದಿಲ್ಲ.

‘ಸಿಕ್ಕಿದ್ದು ಸಿಕ್ಕವರಿಗೆ’ ಎಂಬ ಮಾತು ಹಳ್ಳಿಯಲ್ಲಿ ಚಾಲ್ತಿಯಲ್ಲಿದೆ. ಕಾನೂನು ಅದನ್ನು ಒಪ್ಪುವುದಿಲ್ಲ. ಕಾನೂನಿನ ಕಣ್ಣಲ್ಲಿ ಸಾಕಿದ ನಾಯಿ ಮಾಲಕರ ಸ್ವತ್ತು. 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ಬೇರೆಯವರ ವಸ್ತು ಸಿಕ್ಕು ಅದನ್ನು ಕೈಗೆ ತೆಗೆದುಕೊಂಡವರು ಬೇರೆಯವರ ವಸ್ತುವನ್ನು ಜೋಪಾನಕ್ಕೆಂದು ಪಡೆದುಕೊಂಡವರಷ್ಟೇ ಜವಾಬ್ದಾರರು. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇನ್ನೂ ಖಡಕ್ಕಾಗಿದೆ. ಕಾಪಾಡಲು, ಮಾಲಕರಿಗೆ ಮುಟ್ಟಿಸಲು ತೆಗೆದುಕೊಂಡರೆ ಅಪರಾಧವಲ್ಲ. ಮಾಲಕರು ಯಾರೆಂದು ಗೊತ್ತಿದ್ದೂ, ಅಥವಾ ಹುಡುಕುವ ದಾರಿಯಿದ್ದೂ ಹುಡುಕದೆ ಇಟ್ಟುಕೊಂಡರೆ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷದವರೆಗೆ ಸಜೆ, ಮೇಲೆ ದಂಡ. ಅದೇ ಕರಾರು ಕಾಯ್ದೆ ಸಿಕ್ಕವರ ಪರವಾಗಿಯೂ ನಿಲ್ಲುತ್ತದೆ. ನಾಯಿಗೆ ಹಾಕಿದ ಹಾಲು ರೊಟ್ಟಿ, ಔಷಧದ ಖರ್ಚು ಕೊಡುವವರೆಗೆ ಬಿಟ್ಟುಕೊಡದೆ ಇರುವ ಹಕ್ಕು 168ನೇ ಕಲಂನಲ್ಲಿದೆ. ಮಾಲಕರೆ, ಆ ಖರ್ಚನ್ನು ಕೇಳುವ ಮೊದಲೇ ಕೊಡಿ.

ಆದರೆ ನಾನು ಸಜೆಯ ಹೆದರಿಕೆ ಹಾಕಲು ಬಂದಿಲ್ಲ. ಸಾವಿರ ವರ್ಷ ಹಿಂದಿನ ಒಂದು ಕಲ್ಲಿನ ಮಾತು ಹೇಳುತ್ತೇನೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಅದು, ಕ್ರಿ.ಶ. 949-50ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ, ಗಂಗ ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಒಡೆಯ ಬೇಕಾದದ್ದು ಬೇಡು ಅಂದ. ಮಣಲೇರ ಕಾಳಿ ಎಂಬ ನಾಯಿಯನ್ನು ಬೇಡಿದ. ಆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಾಗ ಕಲ್ಲು ನಿಲ್ಲಿಸಿದ. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನ ಮೇಲಿದೆ. ಕಾಳಿಯ ಶೌರ್ಯವನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚಿನ ಒಂದು ಗಳಿಗೆಯಲ್ಲಿ. ಯುದ್ಧ ಗೆದ್ದು ಬಂದ, ಕೈಯಲ್ಲಿ ಕತ್ತಿಯಿದ್ದ ಬಂಟ ತಾನು ಮೆಚ್ಚಿದ ನಾಯಿಯನ್ನು ಅದರ ಒಡೆಯನಿಂದ ಕೇಳಿ ಪಡೆದ. ಕೇಳದೆ ಕಟ್ಟಿಕೊಳ್ಳುವ ನಾವು ಅವನಿಗಿಂತ ದೊಡ್ಡವರೆ?

ಜಾತ್ರೆಯಂತೆಯೇ ಹೊಳಿಯೂ ನಾಯಿಗಳನ್ನು ಅಗಲಿಸುತ್ತದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಊರುಗಳು ಕಂಡದ್ದನ್ನು ನಾವು ಮರೆತಿಲ್ಲ. ದನದ ಹಗ್ಗ ಬಿಚ್ಚಿ, ಮಕ್ಕಳನ್ನು ಹೊತ್ತು ಎತ್ತರಕ್ಕೆ ಓಡುವ ಹೊತ್ತಿನಲ್ಲಿ ನಾಯಿಯನ್ನು ಯಾರು ಎತ್ತಿಕೊಂಡಾರು? ‘ಬಿಟ್ಟು ಹೋದರು’ ಎಂದು ಅಂಥವರ ಮೇಲೆ ಮಾತು ಹೊರಿಸಬೇಡಿ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಇದೇ ಆಯಿತು. ದೋಣಿ, ಬಸ್ಸುಗಳಲ್ಲಿ ನಾಯಿಗಳಿಗೆ ಜಾಗ ಕೊಡಲಿಲ್ಲ. ಆಮೇಲೆ ರಕ್ಷಿಸಿದ ನಾಯಿಗಳನ್ನು ದೂರದ ರಾಜ್ಯಗಳ ಜನ ಸಾಕಿಕೊಂಡರು. ಮನೆ ಕಳೆದುಕೊಂಡವರು ಹುಡುಕಿಕೊಂಡು ಹೋದಾಗ ಕೆಲವರು ಕೊಡಲು ಒಪ್ಪಲಿಲ್ಲ, ವ್ಯಾಜ್ಯ ಕೋರ್ಟಿಗೆ ಹೋಯಿತು. ಮರುವರ್ಷ ಅಲ್ಲಿನ ಸಂಸತ್ತು ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಕಾಯ್ದೆ ಮಾಡಿತು. ನಮ್ಮಲ್ಲಿ ಮುಂದಿನ ಸಲ ಹೊಳಿ ಬಂದಾಗ ಕಾಳಜಿ ಕೇಂದ್ರದ ಗೋಡೆಗೆ ಸಿಕ್ಕ ನಾಯಿ, ಸಿಕ್ಕ ಆಡುಗಳ ಪಟ್ಟಿಯೊಂದನ್ನು ಅಂಟಿಸಲು ಕಾಯ್ದೆಯೇ ಬೇಕೆ? ಶಾಲೆಯ ಒಬ್ಬ ಹುಡುಗ ಬರೆದರೆ ಆಯಿತು.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ನಾಯಿ ಸಿಕ್ಕಿತು, ಕೇಳಿದಿರಿ, ಯಾರೂ ಬರಲಿಲ್ಲ. ಮನೆಯ ಮಗು ಅದಕ್ಕೆ ಹೆಸರಿಟ್ಟಿತು. ಅದು ಮಗುವಿನ ಜೊತೆ ಶಾಲೆಯ ಗೇಟಿನವರೆಗೆ ಹೋಗಿ ಬರುತ್ತದೆ, ಅಜ್ಜಿಯ ಹೊರಸಿನ ಕೆಳಗೆ ಮಲಗುತ್ತದೆ. ಆರು ತಿಂಗಳಿಗೆ ರೋಣದ ಕಡೆಯ ಯಾರೋ ಬಾಗಿಲಿಗೆ ಬಂದು ‘ಯಕ್ಕಾ, ಇದು ನಮ್ಮ ರಾಜಾ’ ಎನ್ನುತ್ತಾರೆ. ನಾಯಿ ಅವರ ಎದೆಯ ಮೇಲೆ ಕಾಲಿಟ್ಟು ಕುಂಯ್‌ಗುಡುತ್ತದೆ. ಮಗು ಅಳುತ್ತದೆ. ಆಗ ಏನು ಮಾಡಬೇಕು?

ಕೊಡಬೇಕು. ನಾಯಿಯನ್ನು ನಡುವೆ ನಿಲ್ಲಿಸಿ, ಎರಡೂ ಕಡೆಯಿಂದ ಕರೆದು ಯಾರ ಕಡೆ ಬರುತ್ತದೆ ನೋಡೋಣ ಎನ್ನುವ ಪರೀಕ್ಷೆ ಬೇಡ. ಅದು ಇಬ್ಬರನ್ನೂ ಪ್ರೀತಿಸುತ್ತದೆ, ಇಬ್ಬರ ಕಡೆಗೂ ಬರುತ್ತದೆ. ಆ ಪ್ರೀತಿಯನ್ನು ಸಾಕ್ಷಿ ಕಟ್ಟೆಗೆ ಎಳೆಯುವುದು ನ್ಯಾಯವಲ್ಲ. ಆರು ತಿಂಗಳು ನೀವು ಅದನ್ನು ಜೀವಂತ ಉಳಿಸಿದ್ದೀರಿ. ಆ ಋಣ ಆ ಮನೆಯವರ ಮೇಲಿರುತ್ತದೆ, ಅವರೂ ಮರೆಯಬಾರದು. ಮಗುವನ್ನು ಕರೆದುಕೊಂಡು ಹೋಗಿ ಅವರ ಮನೆ ತೋರಿಸಿ ಬನ್ನಿ. ಮುಂದೆ ಮರಿಯಾದರೆ ಒಂದನ್ನು ಈ ಮಗುವಿಗೆ ಕೊಡುವ ಮಾತು ಅಲ್ಲೇ ಆಗಲಿ. ಮಗು ಅಳಬಹುದು. ಆದರೆ ತಮ್ಮದಲ್ಲದ್ದನ್ನು ಅಪ್ಪ ಅವ್ವ ಕೈಯಾರೆ ಕೊಟ್ಟದ್ದನ್ನೂ ಅದು ನೋಡುತ್ತದೆ.

‘ಅವರು ಸರಿಯಾಗಿ ಸಾಕುವುದಿಲ್ಲ, ಕೊಡಲಾರೆ’ ಎನ್ನುವವರಿದ್ದಾರೆ. ಬಡತನ ಬೇರೆ, ಕ್ರೌರ್ಯ ಬೇರೆ. ಗುಡಿಸಲಿನಲ್ಲಿ ನುಚ್ಚು ಮಜ್ಜಿಗೆ ಉಂಡು ಬೆಳೆದ ನಾಯಿಗೆ ಅದೇ ಅದರ ಮನೆ. ಮೈಮೇಲೆ ಬರೆ, ಮುರಿದ ಕಾಲು, ತಂತಿ ಬಿಗಿದು ಕೀವಾದ ಕೊರಳು ಕಂಡರೆ ದನದ ದವಾಖಾನೆಯ ಡಾಕ್ಟರಿಗೆ ತೋರಿಸಿ, ಪೊಲೀಸರಿಗೆ ದೂರು ಕೊಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇರುವುದೇ ಅದಕ್ಕೆ. ತೀರ್ಪನ್ನು ಮಾತ್ರ ನಿಮ್ಮ ಹಿತ್ತಲಲ್ಲಿ ಕೂತು ನೀವೇ ಕೊಡಬೇಡಿ.

ಹಾಗಾದರೆ ಸಿಕ್ಕ ದಿನ ಮಾಡಬೇಕಾದದ್ದೇನು? ಗುಂಪುಗೂಡಬೇಡಿ, ಅಟ್ಟಬೇಡಿ. ದೂರದಲ್ಲಿ ನೀರು ಇಡಿ, ಕೂತು ಮಾತಾಡಿಸಿ. ಜೊಲ್ಲು ಸುರಿಸುತ್ತ ತೂರಾಡುತ್ತಿದ್ದರೆ, ಸುಮ್ಮಸುಮ್ಮನೆ ಮೈಮೇಲೆ ಬರುತ್ತಿದ್ದರೆ ಹತ್ತಿರ ಹೋಗಲೇಬೇಡಿ, ದನದ ದವಾಖಾನೆಗೆ ತಿಳಿಸಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಇದರಲ್ಲಿ ಉದಾಸೀನ ಸಲ್ಲದು. ನಾಯಿ ಗಾಯಗೊಂಡಿದ್ದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ತುದಿ ಕತ್ತರಿಸಿದ ಕಿವಿ ಕಂಡರೆ ಅದು ಸಂತಾನಹರಣ ಮಾಡಿಸಿದ ಬೀದಿನಾಯಿ ಆಗಿರಬಹುದು, ಅದರ ಜಾಗದಲ್ಲೇ ಇರಲಿ. ನಗರದಿಂದ ಬಂದವರ ನಾಯಿಯಾಗಿದ್ದರೆ ಭುಜದ ನಡುವೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಇರಬಹುದು, ಸ್ಕ್ಯಾನರ್ ಇರುವ ಡಾಕ್ಟರು ಅದರ 15 ಅಂಕಿಯ ನಂಬರ್ ಓದುತ್ತಾರೆ.

ಸಿಕ್ಕ ಜಾಗದ ಹತ್ತಿರದ ಚಹಾದಂಗಡಿಗೆ ನಿಮ್ಮ ಹೆಸರು, ನಂಬರ್ ಕೊಟ್ಟು ಬನ್ನಿ. ಹುಡುಕುವವರು ಕೊನೆಯ ಸಲ ನಾಯಿ ಕಂಡ ಜಾಗಕ್ಕೇ ಮತ್ತೆ ಮತ್ತೆ ಬರುತ್ತಾರೆ. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ, ಇಳಕಲ್, ಹುನಗುಂದ, ರೋಣ, ಗದಗಿನ ಬಸ್ಸುಗಳ ಕಂಡಕ್ಟರಿಗೆ ತೋರಿಸಿ. ಆದರೆ ಒಂದು ಗುರುತನ್ನು ಮುಚ್ಚಿಡಿ: ಹೊಟ್ಟೆಯ ಮಚ್ಚೆ, ಹರಿದ ಕಿವಿ, ಮುರಿದ ಹಲ್ಲು. ಬಂದವರು ಅದನ್ನು ತಾವಾಗಿ ಹೇಳಲಿ, ಹಳೆಯ ಫೋಟೊ ತೋರಿಸಲಿ, ಹೆಸರು ಹಿಡಿದು ಕರೆಯಲಿ. ಮೊದಲು ಬಂದವರೇ ಮಾಲಕರು ಎಂದು ನಂಬಿ ಕೊಟ್ಟರೆ ಅದೂ ಅನ್ಯಾಯವೇ. ಜಾತ್ರೆಯ ಮೈಕಿನಲ್ಲಿ ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣ ಕೂಗಿ ಹೇಳುತ್ತಾರಲ್ಲ, ಅದರ ಬೆನ್ನಿಗೇ ಅರ್ಧ ನಿಮಿಷ ನಾಯಿಗೂ ಕೊಡಿ ಎಂದು ಜಾತ್ರೆಯ ಹಿರಿಯರನ್ನು ಕೈಮುಗಿದು ಕೇಳುತ್ತೇನೆ. ಪಂಚಾಯ್ತಿಯ ಗೋಡೆಯ ಮೇಲೂ ನಾಲ್ಕು ಸಾಲಿಗೆ ಜಾಗವಿದೆ.

ತಡ ಮಾಡುವ ಹಾಗಿಲ್ಲ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು. ಜನರ ಜೀವದ ಪ್ರಶ್ನೆ ಅದು, ಹಗುರವಾಗಿ ಮಾತಾಡುವಂಥದ್ದಲ್ಲ. ಆದರೆ ಮನೆಯವರನ್ನು ಕಳೆದುಕೊಂಡ ನಾಯಿ ಹೋಗಿ ನಿಲ್ಲುವುದೂ ಬಸ್ ನಿಲ್ದಾಣದಲ್ಲೇ. ಬೆಲ್ಟು ಕಳಚಿಹೋಗಿದ್ದರೆ ಹಿಡಿಯುವವರಿಗೆ ಅದು ಯಾರದೆಂದು ಹೇಗೆ ತಿಳಿಯಬೇಕು? ನಾಯಿ ಸಾಕಿದವರೆ, ಇವತ್ತೇ ಬೆಲ್ಟಿನ ಒಳಬದಿಗೆ ನಿಮ್ಮ ನಂಬರ್ ಅಳಿಸದ ಮಸಿಯಲ್ಲಿ ಬರೆಯಿರಿ. ರೇಬೀಸ್ ಚುಚ್ಚುಮದ್ದು ಹಾಕಿಸಿ ಚೀಟಿ ಇಟ್ಟುಕೊಳ್ಳಿ. ಎರಡು ಫೋಟೊ ತೆಗೆದಿಡಿ. ಜಾತ್ರೆಗೆ ಬರುವಾಗ ಮನೆಯಲ್ಲೇ ಕಟ್ಟಿ, ನೀರಿಟ್ಟು, ನೆರೆಯವರಿಗೆ ಹೇಳಿ ಬನ್ನಿ.

ಕೊನೆಗೆ, ಈ ಸೀಮೆಯ ಯಾವುದೋ ಹಿತ್ತಲಲ್ಲಿ, ಯಾವುದೋ ತೋಟದ ಮನೆಯಲ್ಲಿ ಹೋದ ವರ್ಷ ಸಿಕ್ಕ ನಾಯಿಯನ್ನು ಕಟ್ಟಿಕೊಂಡಿರುವವರಿಗೆ ಹೇಳುತ್ತೇನೆ. ನೀವು ಇದ್ದೀರಿ ಎಂದು ನನಗೆ ಗೊತ್ತು. ಅದು ಯಾರದೋ ಎಂದು ನಿಮಗೂ ಗೊತ್ತು. ‘ಇಷ್ಟು ದಿನ ಯಾಕ ಇಟ್ಕೊಂಡಿದ್ದಿ’ ಎಂದು ಕೇಳಿಯಾರು ಎಂಬ ಅಂಜಿಕೆಗೇ ಇನ್ನೊಂದು ವರ್ಷ ಕಳೆಯಬೇಡಿ. ನಾಳೆ ಬೆಳಗ್ಗೆ ಒಂದು ಫೋಟೊ ತೆಗೆದು ಪಂಚಾಯ್ತಿಯವರಿಗೋ ದನದ ದವಾಖಾನೆಗೋ ಕೊಡಿ. ಮಾಲಕರು ಬಂದು ಜೋರು ಮಾಡಿದರೆ ನಮ್ಮನ್ನು ಕರೆಯಿರಿ. ಒಂದು ವರ್ಷ ಅನ್ನ ಹಾಕಿದವರು ನೀವು ಎಂದು ಅವರ ಮುಂದೆ ನಿಂತು ನಾವು ಹೇಳುತ್ತೇವೆ.